ಮಧುರ ರಸದ ತ್ಯಾಗ: ಪಥ್ಯವೂ ವ್ರತವೂ

ತಪಸ್ಸು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ತೆರನಾಗಿದ್ದು, ಒಂದೊಂದರಲ್ಲಿಯೂ ಆರಾರು ಭೇದಗಳಿವೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯ ತಪಸ್ಸುಗಳ ಹೆಸರು ತತ್ತ್ವಾರ್ಥಸೂತ್ರವನ್ನು ಪಠಿಸುವ ಶ್ರಾವಕರಿಗೆ ಬಾಯಿಪಾಠವಾಗಿಯೇ ಇರುತ್ತದೆ. ಆದರೆ ಇವುಗಳಲ್ಲಿ ಮೊದಲನೆಯದಾದ ಅನಶನಕ್ಕೆ ದೊರೆತಿರುವ ಗೌರವ ನಾಲ್ಕನೆಯದಾದ ರಸಪರಿತ್ಯಾಗಕ್ಕೆ ಗೃಹಸ್ಥರ ಮನೆಗಳಲ್ಲಿ ದೊರೆತಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದವರನ್ನು ಬಂಧುಬಳಗದವರು ಬಂದು ಯೋಗಕ್ಷೇಮ ವಿಚಾರಿಸುತ್ತಾರೆ. ಮೂರು ತಿಂಗಳು ಸಿಹಿಯನ್ನು ಬಿಟ್ಟವರನ್ನು ವಿಚಾರಿಸುವವರಿಲ್ಲ; ಅಷ್ಟೇ ಅಲ್ಲ, 'ಏನು, ಸಕ್ಕರೆ ಕಾಯಿಲೆಯೇ?' ಎಂಬ ಪ್ರಶ್ನೆಯನ್ನೂ ಅವರು ಎದುರಿಸಬೇಕಾಗುತ್ತದೆ. ವ್ರತವೇ ರೋಗದ ಗುರುತಾಗಿ ಕಾಣುವ ಈ ಕಾಲದಲ್ಲಿ ಪಥ್ಯಕ್ಕೂ ವ್ರತಕ್ಕೂ ಇರುವ ಸಂಬಂಧವೇನು, ಒಂದು ಇನ್ನೊಂದಾಗಬಲ್ಲುದೇ ಎಂಬುದನ್ನು ಶಾಸ್ತ್ರದ ಆಧಾರದಿಂದಲೂ ಈಗಿನ ವೈದ್ಯವಿಜ್ಞಾನದ ಆಧಾರದಿಂದಲೂ ವಿಚಾರಿಸುವುದು ಉಚಿತ.

ಮೊದಲು ರಸವೆಂದರೇನೆಂಬುದನ್ನು ತಿಳಿಯಬೇಕು. ಆಯುರ್ವೇದವು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂಬ ಆರು ರುಚಿಗಳನ್ನು ರಸಗಳೆಂದು ಹೇಳುತ್ತದೆ. ಮೂಲಾಚಾರದಲ್ಲಿಯಾದರೋ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ಪದಾರ್ಥಗಳು ರಸಗಳಾಗಿ ಎಣಿಕೆಗೆ ಬಂದಿವೆ. ಇವುಗಳಲ್ಲಿ ಒಂದನ್ನಾಗಲಿ, ಕೆಲವನ್ನಾಗಲಿ, ಎಲ್ಲವನ್ನಾಗಲಿ ಬಿಡುವುದು ರಸಪರಿತ್ಯಾಗ. ಬೆಲ್ಲವೆಂಬ ಮಾತಿನಲ್ಲಿ ಸಕ್ಕರೆ, ಕಲ್ಲುಸಕ್ಕರೆ ಮೊದಲಾಗಿ ಕಬ್ಬಿನಿಂದಾದ ಎಲ್ಲವೂ ಅಡಗಿವೆಯೆಂದು ಗ್ರಹಿಸಬೇಕು. ಉತ್ತರ ಭಾರತದ ದಿಗಂಬರ ಮನೆಗಳಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದನ್ನು ಬಿಡುವ ರೂಢಿಯಿದೆ: ರವಿವಾರ ಉಪ್ಪು, ಸೋಮವಾರ ಹಸಿರು ಕಾಯಿಪಲ್ಲೆ, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ. ಅಡಿಗೆಮನೆಯ ಗೃಹಿಣಿಗೆ ಪಂಚಾಂಗವನ್ನು ತೆರೆಯದೆಯೇ ನೆನಪಿನಲ್ಲಿಡಬಹುದಾದ ಕ್ರಮವಿದು.

ಈ ತಪಸ್ಸಿನ ಫಲವೇನು? ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದಾಚಾರ್ಯರು ಮೂರು ಪ್ರಯೋಜನಗಳನ್ನು ಹೇಳಿದ್ದಾರೆ: ಇಂದ್ರಿಯಗಳ ದರ್ಪವನ್ನು ತಗ್ಗಿಸುವುದು, ನಿದ್ರೆಯನ್ನು ಗೆಲ್ಲುವುದು, ಸ್ವಾಧ್ಯಾಯವು ಸುಖವಾಗಿ ಸಾಗುವಂತೆ ಮಾಡುವುದು. ಪರಲೋಕದ ಫಲವನ್ನು ಮುಂದಿಡದೆ, ಜಡತೆ ಕಳೆದು ಮನಸ್ಸು ಓದಿನಲ್ಲಿ ನಿಲ್ಲುವುದೆಂಬ ಈ ಜನ್ಮದ, ಈ ದಿನದ ಫಲವನ್ನೇ ಆಚಾರ್ಯರು ಮುಂದಿಟ್ಟಿರುವುದು ಗಮನಾರ್ಹ. ಅವರು ಅಲ್ಲಿ ಹೆಸರೆತ್ತಿ ಹೇಳಿರುವುದು ತುಪ್ಪ ಮೊದಲಾದ ಪುಷ್ಟಿಕರ ರಸಗಳನ್ನು, ಸಕ್ಕರೆಯನ್ನಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಗೃಹಸ್ಥನ ತಟ್ಟೆಯಲ್ಲಿ ಸಿಹಿ ಅಪರೂಪವಾಗಿದ್ದಿರಬೇಕು. ಇಂದು ತುಪ್ಪವನ್ನು ಚಮಚದಲ್ಲಿ ಅಳೆದು ಬಡಿಸುವ ಮನೆಯಲ್ಲಿಯೂ ಸಕ್ಕರೆಗೆ ಅಳತೆಯಿಲ್ಲ. ಆದುದರಿಂದ ಆಚಾರ್ಯರ ಮಾತಿನ ತಿರುಳನ್ನು ಹಿಡಿದು ಇಂದಿನ ದರ್ಪಕರ ರಸ ಯಾವುದೆಂದು ಕೇಳಿಕೊಂಡರೆ, ಮೊದಲ ಸ್ಥಾನ ಸಿಹಿಗೇ ಸಲ್ಲುತ್ತದೆ.

ತೋಟದ ಮನೆಯ ಲೆಕ್ಕ

ಶಾಸ್ತ್ರದ ಮಾತು ಒಂದು ಊರಿನ ಅಡಿಗೆಮನೆಗೆ ಹೇಗೆ ಅನ್ವಯಿಸುತ್ತದೆಂಬುದನ್ನು ನೋಡಬಹುದು. ಕುಮಾರಪರ್ವತದ ಬುಡದಲ್ಲಿ, ಕುಮಾರಧಾರಾ ನದಿಯ ಬಳಿಯಲ್ಲಿರುವ ಸುಬ್ರಹ್ಮಣ್ಯವು ನಾಗಾರಾಧನೆಯ ಕ್ಷೇತ್ರವೆಂದು ನಾಡಿಗೆಲ್ಲ ಪ್ರಸಿದ್ಧವಾಗಿದೆ. ಅಲ್ಲಿಂದ ಕಡಬ, ಸುಳ್ಯ, ಪುತ್ತೂರುಗಳವರೆಗಿನ ಸೀಮೆ ಅಡಿಕೆ, ತೆಂಗು, ಕರಿಮೆಣಸು, ಕೊಕ್ಕೊ ತೋಟಗಳ ನಾಡು. ಮೂಡುಬಿದಿರೆ, ಕಾರ್ಕಳಗಳಲ್ಲಿರುವಷ್ಟು ಒತ್ತಾಗಿ ಜೈನ ಮನೆಗಳು ಇಲ್ಲಿಲ್ಲ. ಇದ್ದವರ ಊಟೋಪಚಾರವೂ ವರ್ಜ್ಯಗಳಿಷ್ಟನ್ನು ಬಿಟ್ಟರೆ ನೆರೆಹೊರೆಯವರದರಂತೆಯೇ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ಈ ಸೀಮೆಯ ಹಳೆಯ ಮರ್ಯಾದೆ. ಬಿಸಿಲಿನಲ್ಲಿ ಮೈಲುಗಟ್ಟಲೆ ನಡೆದು ಬಂದವನಿಗೆ ಒಂದು ತುಂಡು ಬೆಲ್ಲ ನಿಜವಾದ ಉಪಚಾರವೇ ಆಗಿತ್ತು. ಇಂದು ಅತಿಥಿ ವಾಹನದಿಂದ ಇಳಿಯುತ್ತಾನೆ. ಬೆಲ್ಲದ ಸ್ಥಾನದಲ್ಲಿ ಚಹಾ, ಪುನರ್ಪುಳಿ ಶರಬತ್ತು, ಬೇಕರಿಯ ತಿಂಡಿ ಬಂದಿವೆ. ಹುಳಿಗೊಂದು ಚೂರು, ಗೊಜ್ಜಿಗೊಂದು ಚೂರು, ಪಲ್ಯಕ್ಕೂ ಒಂದು ಚೂರು ಬೆಲ್ಲ ಹಾಕುವುದು ಕರಾವಳಿಯ ಅಡಿಗೆಯ ಪದ್ಧತಿ. ಇದನ್ನು ಯಾರೂ ಸಿಹಿಯೆಂದು ಎಣಿಸುವುದೇ ಇಲ್ಲ.

ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕಲೇಟು ಕಾರ್ಖಾನೆ ೧೯೮೬ರಲ್ಲಿ ಆರಂಭವಾಯಿತು. ಕೊಕ್ಕೊ ಬೆಳೆದ ರೈತನಿಗೆ ಅದರಿಂದ ಆಧಾರ ದೊರೆತುದು ಸಂತೋಷದ ವಿಷಯ. ತೋಟದವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯಿದೆ: ಕೊಕ್ಕೊ ಬೀಜವು ಕಹಿ. ಅದನ್ನು ನಾಲಗೆಗೆ ಒಗ್ಗಿಸುವುದು ಸಕ್ಕರೆ. ಚಹಾ ಸೊಪ್ಪು ಒಗರು, ಕಾಫಿ ಬೀಜ ಕಹಿ, ಪುನರ್ಪುಳಿ ಹುಳಿ. ಮನುಷ್ಯನು ಸಹಜವಾಗಿ ಬಯಸದ ರುಚಿಗಳನ್ನೆಲ್ಲ ಸಕ್ಕರೆಯ ಬೆನ್ನಿನ ಮೇಲೆ ಕೂರಿಸಿ ಒಳಕ್ಕೆ ಬಿಟ್ಟುಕೊಂಡಂತಾಗಿದೆ.

ಇಂಥ ಒಂದು ಮನೆಯಲ್ಲಿ ನಾಲ್ವರಿದ್ದಾರೆಂದು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ ೬ ಕಿಲೋ ಸಕ್ಕರೆ, ೨ ಕಿಲೋ ಬೆಲ್ಲ ಅಂಗಡಿಯಿಂದ ಬರುತ್ತದೆ ಎನ್ನೋಣ. ಇದು ಅತಿಯೆಂದು ಯಾವ ಗೃಹಿಣಿಯೂ ಹೇಳಲಾರಳು. ೮,೦೦೦ ಗ್ರಾಮನ್ನು ನಾಲ್ವರಿಗೂ ೩೦ ದಿನಗಳಿಗೂ ಹಂಚಿದರೆ ತಲೆಗೆ ದಿನಕ್ಕೆ ೬೬ ಗ್ರಾಮಿಗೂ ಮಿಕ್ಕು ಬೀಳುತ್ತದೆ. ಹೊರಗಿನಿಂದ ತಂದ ಬಿಸ್ಕತ್ತು, ಸಿಹಿತಿಂಡಿ, ತಂಪು ಪಾನೀಯಗಳು ಈ ಲೆಕ್ಕದಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ದಿನದ ಒಟ್ಟು ಆಹಾರಶಕ್ತಿಯಲ್ಲಿ ಇಂಥ ಸಿಹಿಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಐದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ೨,೦೦೦ ಕ್ಯಾಲೊರಿಯ ಊಟ ಮಾಡುವವನಿಗೆ ಹತ್ತರ ಮಿತಿಯೆಂದರೆ ೫೦ ಗ್ರಾಂ, ಐದರದೆಂದರೆ ೨೫ ಗ್ರಾಂ. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಲೋಟ ಚಹಾದಲ್ಲಿಯೇ ಕಿರಿಯ ಮಿತಿ ಮುಗಿದುಹೋಗುತ್ತದೆ. ತಿಂಗಳ ಸಾಮಾನಿನ ಚೀಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಮನೆಯವರೂ ಈ ಭಾಗಾಕಾರವನ್ನು ಒಮ್ಮೆ ಮಾಡಬಹುದು. ಪರಿಮಾಣವೆಂಬ ಮಾತು ಜೈನರ ವ್ರತಗಳಿಗೆ ಹೊಸದೇನೂ ಅಲ್ಲವಷ್ಟೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ ೧೦ ಕೋಟಿಗೂ ಮೀರಿದ ಮಧುಮೇಹಿಗಳಿದ್ದಾರೆಂದೂ, ಇನ್ನು ಸುಮಾರು ೧೩ ಕೋಟಿ ೬೦ ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಸಕ್ಕರೆಯೊಂದೇ ಇದಕ್ಕೆ ಕಾರಣವಲ್ಲ. ವಂಶದ ಒಲವು, ಮೈಯ ತೂಕ, ಮೈ ಬಗ್ಗಿಸದ ಜೀವನ ಎಲ್ಲವೂ ಸೇರುತ್ತವೆ. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕುಳಿತಿರುವ ಸುಖ, ಮಲಗುವ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದಿಂದಾದ ತಿನಿಸುಗಳನ್ನು ಒಟ್ಟಿಗೇ ಹೇಳಿರುವುದು ಇಲ್ಲಿ ಸ್ಮರಣೀಯ. ಜೈನಾಚಾರ್ಯರೂ ವೈದ್ಯವನ್ನು ದೂರವಿಟ್ಟವರಲ್ಲ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳ ಸೋಂಕಿಲ್ಲದೆ ಚಿಕಿತ್ಸೆಯನ್ನು ಹೇಳಿದ ಗ್ರಂಥ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕಲ್ಯಾಣಕಾರಕವು ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲೊಂದು.

ಬದಲಿ ಸಿಹಿಗಳ ಮೋಸ

ಸಕ್ಕರೆಯನ್ನು ಬಿಟ್ಟೆನೆಂದು ಹೇಳಿ ಅದರ ಸ್ಥಾನಕ್ಕೆ ಇನ್ನೊಂದನ್ನು ತರುವುದು ಸಾಮಾನ್ಯ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶವೂ ಇತರ ಲವಣಾಂಶಗಳೂ ಉಳಿದಿರುತ್ತವೆಂಬುದು ನಿಜ; ಆದರೆ ಅದರ ಬಹುಭಾಗ ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಬಿಳಿಯದೋ ಕಂದುಬಣ್ಣದ್ದೋ ಎಂಬ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಪ್ರಕೃತಿ ಚಿಕಿತ್ಸೆಯ ಪುಸ್ತಕಗಳು ಸಕ್ಕರೆಯ ಬದಲಿಗೆ ಜೇನುತುಪ್ಪವನ್ನು ಸೂಚಿಸುವುದುಂಟು. ಶ್ರಾವಕನಿಗೆ ಈ ದಾರಿ ಮುಚ್ಚಿದೆ. ಮದ್ಯಮಾಂಸಗಳೊಡನೆ ಮಧುವಿನ ತ್ಯಾಗವೂ ಅಷ್ಟಮೂಲಗುಣಗಳಲ್ಲಿ ಸೇರಿದುದು. ಆರೋಗ್ಯದ ದೃಷ್ಟಿಯಿಂದಲೂ ಇಲ್ಲಿ ನಷ್ಟವಾದುದೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಲ್ಲಿ ಜೇನು, ಪಾಕಗಳು, ಹಣ್ಣಿನ ರಸ ಎಲ್ಲವೂ ಮಿತಿಯೊಳಗೇ ಸೇರುತ್ತವೆ. ಇಡಿಯ ಹಣ್ಣು ಮಾತ್ರ ಸೇರುವುದಿಲ್ಲ.

ಇನ್ನು ಗುಳಿಗೆಯ ರೂಪದ ಕೃತಕ ಸಿಹಿ. ದೇಹದ ತೂಕ ಇಳಿಸಲು ಇವುಗಳನ್ನು ಅವಲಂಬಿಸಬಾರದೆಂದು ಅದೇ ಸಂಸ್ಥೆಯು ೨೦೨೩ರಲ್ಲಿ ಸಲಹೆಯಿತ್ತಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲವೆಂದೂ ಹೇಳಿತು. ವೈದ್ಯರು ಹೇಳಿದ್ದರೆ ರೋಗಿಯು ಬಳಸಲಿ. ಆದರೆ ವ್ರತದ ದೃಷ್ಟಿಯಿಂದ ಇದು ರಸತ್ಯಾಗವಲ್ಲ. ವಸ್ತು ಹೋಗಿ ರಸ ಉಳಿದರೆ, ತ್ಯಾಗ ಅಂಗಡಿಯವನಿಗೆ ಸಂಬಂಧಿಸಿದ್ದೇ ಹೊರತು ನಾಲಗೆಗಲ್ಲ. ಸಿಹಿಯನ್ನು ಬಿಟ್ಟ ದಿನ ಕರಿದ ಹಪ್ಪಳ, ಸಂಡಿಗೆಗಳು ಇಮ್ಮಡಿಯಾದರೂ ಇದೇ ಮಾತು.

ಮನಸ್ಸಿನ ಮೇಲಣ ಪರಿಣಾಮ

ಸಿಹಿ ತಿಂದರೆ ಮನಸ್ಸು ಅರಳುತ್ತದೆಂಬುದು ಲೋಕದ ನಂಬಿಕೆ. ಶುಭವಾರ್ತೆಗೆ ಮೊದಲು ಬಾಯಿ ಸಿಹಿಮಾಡುವುದೂ, ಬೇಸರದಲ್ಲಿದ್ದವರಿಗೆ ಸಿಹಿ ಕೊಡುವುದೂ ಇದರಿಂದಲೇ. ಈ ನಂಬಿಕೆಯನ್ನು ಪರೀಕ್ಷಿಸಿದ ೩೧ ಪ್ರಯೋಗಗಳನ್ನು ಒಟ್ಟುಗೂಡಿಸಿ ಯೂರೋಪಿನ ವಿದ್ವಾಂಸರು ೨೦೧೯ರಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ಸಕ್ಕರೆಯ ಸೇವನೆಯಿಂದ ಮನಸ್ಸಿನ ಉಲ್ಲಾಸ ಹೆಚ್ಚಿದುದು ಯಾವ ಹೊತ್ತಿನಲ್ಲಿಯೂ ಕಂಡುಬರಲಿಲ್ಲ. ಬದಲಾಗಿ ಅರ್ಧ ಗಂಟೆಯೊಳಗೆ ಆಯಾಸ ಹೆಚ್ಚಿತು, ಒಂದು ಗಂಟೆಯೊಳಗೆ ಎಚ್ಚರ ತಗ್ಗಿತು. ನಿದ್ರಾವಿಜಯವನ್ನೂ ಸ್ವಾಧ್ಯಾಯದ ಸುಖವನ್ನೂ ರಸತ್ಯಾಗದ ಫಲವಾಗಿ ಹೇಳಿದ ಪೂಜ್ಯಪಾದರನ್ನು ಇಲ್ಲಿ ನೆನೆಯದಿರಲಾಗದು. ಮಧ್ಯಾಹ್ನ ಪಾಯಸದ ಊಟ ಮಾಡಿ ಶಾಸ್ತ್ರಸಭೆಗೆ ಬಂದು ಕುಳಿತವರ ಕಣ್ಣೆವೆಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ.

ದೀರ್ಘಕಾಲದ ಪರಿಣಾಮವೇನೆಂಬುದು ಬೇರೆಯ ಪ್ರಶ್ನೆ. ಲಂಡನ್ನಿನ ಸರಕಾರಿ ನೌಕರರನ್ನು ಹಲವು ವರ್ಷ ಅನುಸರಿಸಿದ ಅಧ್ಯಯನವೊಂದರ ಫಲಿತಾಂಶ ೨೦೧೭ರಲ್ಲಿ ಹೊರಬಂದಿತು. ಸಿಹಿ ತಿನಿಸು ಪಾನೀಯಗಳಿಂದ ದಿನಕ್ಕೆ ೬೭ ಗ್ರಾಮಿಗಿಂತ ಹೆಚ್ಚು ಸಕ್ಕರೆ ತೆಗೆದುಕೊಳ್ಳುತ್ತಿದ್ದ ಗಂಡಸರಲ್ಲಿ, ಐದು ವರ್ಷಗಳ ಅನಂತರ ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ಮನೋವ್ಯಾಧಿಗಳ ಸಂಭವ ಕಡಿಮೆ ತೆಗೆದುಕೊಳ್ಳುವವರಿಗಿಂತ ನೂರಕ್ಕೆ ೨೩ರಷ್ಟು ಹೆಚ್ಚಾಗಿತ್ತು. ಮೇಲೆ ಲೆಕ್ಕ ಮಾಡಿದ ತೋಟದ ಮನೆಯು ಈ ಅಂಕಿಯ ಹೊಸ್ತಿಲಲ್ಲಿಯೇ ನಿಂತಿದೆಯೆಂಬುದನ್ನು ಓದುಗರು ಗಮನಿಸಿರಬಹುದು. ಆಸ್ಟ್ರೇಲಿಯದಲ್ಲಿ ೬೭ ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆದು ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕಾಯಿಪಲ್ಲೆ, ಹಣ್ಣು, ಇಡಿಧಾನ್ಯ, ಬೇಳೆಕಾಳುಗಳನ್ನು ಹೆಚ್ಚಿಸಿ ಸಿಹಿ ಮತ್ತು ಕರಿದ ತಿನಿಸುಗಳನ್ನು ತಗ್ಗಿಸಿದ ಗುಂಪಿನಲ್ಲಿ ೧೨ ವಾರಗಳ ಕೊನೆಗೆ ನೂರಕ್ಕೆ ೩೨ ಮಂದಿ ಖಿನ್ನತೆಯಿಂದ ಹೊರಬಂದರು. ಬರಿಯ ಮಾತುಕತೆಯ ಸಾಂತ್ವನ ಪಡೆದ ಗುಂಪಿನಲ್ಲಿ ನೂರಕ್ಕೆ ೮ ಮಂದಿ. ಪ್ರಯೋಗ ಚಿಕ್ಕದು, ಮೀನು ಮಾಂಸಗಳೂ ಅವರ ಆಹಾರದಲ್ಲಿದ್ದವು. ಅಲ್ಲಿ ಬದಲಾದುದು ಸಕ್ಕರೆಯೊಂದೇ ಅಲ್ಲ, ಇಡಿಯ ಊಟದ ಕ್ರಮ. ಹೀಗಾಗಿ ಸಕ್ಕರೆಯನ್ನು ಬಿಟ್ಟರೆ ಸಾಕು, ಖಿನ್ನತೆ ತಾನಾಗಿ ಹೋಗುತ್ತದೆಂದು ಹೇಳುವವರ ಮಾತನ್ನು ನಂಬಬಾರದು. ದಿನಗಟ್ಟಲೆ ನಿದ್ರೆಯಿಲ್ಲದೆ, ಯಾವುದರಲ್ಲಿಯೂ ಆಸೆಯಿಲ್ಲದೆ ಕುಗ್ಗಿದವರಿಗೆ ವೈದ್ಯರ ನೆರವೇ ಮೊದಲು ಬೇಕು. ಅವರ ಔಷಧವನ್ನು ವ್ರತದ ಹೆಸರಿನಲ್ಲಿ ನಿಲ್ಲಿಸುವುದು ಹಿಂಸೆಯೇ ಸರಿ.

ಬಿಟ್ಟ ಮೊದಲ ದಿನಗಳು ಕಷ್ಟ. ಕೆಲವರಿಗೆ ತಲೆನೋವು, ಸಿಡುಕು, ಏನೋ ಕಳೆದುಕೊಂಡಂಥ ಭಾವ. ಮನೆಯವರು ಈ ಸಿಡುಕನ್ನು ಕಂಡು 'ಇಂಥ ವ್ರತ ಯಾರಿಗೆ ಬೇಕು?' ಎನ್ನುವುದುಂಟು. ಆಷಾಢದ ಅಮಾವಾಸ್ಯೆಯಂದು, ತುಳುವರ ಆಟಿ ತಿಂಗಳಿನಲ್ಲಿ, ಪಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬೆಳಗಿನ ಜಾವ ಕುಡಿಯುವ ಪದ್ಧತಿ ಆ ಸೀಮೆಯಲ್ಲಿದೆ. ಹೊಟ್ಟೆಗಿಳಿಯುವ ಆ ಕಷಾಯಕ್ಕೂ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳಿಗೂ ಹೆಸರು ಒಂದೇ. ಉಪವಾಸದ ದಿನ ಮೇಲಣ ಕಷಾಯ ಕೆರಳಿದರೆ ಉಪವಾಸ ಲಂಘನವಾಗುತ್ತದೆಯೇ ಹೊರತು ತಪಸ್ಸಾಗುವುದಿಲ್ಲ. ಆದುದರಿಂದ ಸಿಹಿ ಬಿಟ್ಟವರು ತಮ್ಮ ತೂಕವನ್ನೂ ರಕ್ತಪರೀಕ್ಷೆಯ ಚೀಟಿಯನ್ನೂ ನೋಡಿಕೊಳ್ಳುವಂತೆ, ಸಾಯಂಕಾಲದ ಪ್ರತಿಕ್ರಮಣದಲ್ಲಿ ಆ ದಿನ ಎಷ್ಟು ಸಲ ದನಿಯೇರಿತೆಂಬುದನ್ನೂ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಈ ಕಸಿವಿಸಿ ತಗ್ಗುತ್ತದೆ. ಮೂರು ತಿಂಗಳು ಸಕ್ಕರೆಯನ್ನು ತಗ್ಗಿಸಿದವರ ನಾಲಗೆಗೆ ಮೊದಲಿನ ತಿನಿಸೇ ಮೊದಲಿಗಿಂತ ಹೆಚ್ಚು ಸಿಹಿಯಾಗಿ ತೋರಿತೆಂದು ೨೦೧೬ರ ಒಂದು ಪ್ರಯೋಗ ತಿಳಿಸಿತು. ಚಾತುರ್ಮಾಸದ ನಾಲ್ಕು ತಿಂಗಳು ಇದಕ್ಕೆ ಸಾಕಷ್ಟೇ ಅಲ್ಲ, ಮಿಗಿಲು.

ಅನಿಷ್ಟವಾದುದರ ತ್ಯಾಗ

ವೈದ್ಯರು ಹೇಳಿದರೆಂದು ಬಿಡುವುದು ಪಥ್ಯ. ಅದು ಹೇಗೆ ವ್ರತವಾದೀತು ಎಂದು ಕೇಳುವವರಿಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉತ್ತರವಿದೆ. ಭೋಗೋಪಭೋಗಪರಿಮಾಣವೆಂಬ ಗುಣವ್ರತವನ್ನು ವಿವರಿಸುವಾಗ ಆಚಾರ್ಯರು ಜೀವಹಿಂಸೆಗೆ ಕಾರಣವಾದುವನ್ನು ಹೇಳಿ, ಅಲ್ಲಿಗೆ ನಿಲ್ಲದೆ, ತನಗೆ ಅನಿಷ್ಟವಾದುದನ್ನೂ ಶಿಷ್ಟರು ಸೇವಿಸಬಾರದ್ದನ್ನೂ ವ್ರತಪೂರ್ವಕವಾಗಿ ಬಿಡಬೇಕೆನ್ನುತ್ತಾರೆ. ಅನಿಷ್ಟವೆಂದರೆ ಹೊಟ್ಟೆನೋವು ಮೊದಲಾದುವಕ್ಕೆ ಕಾರಣವಾಗಿ ತನ್ನ ದೇಹಪ್ರಕೃತಿಗೆ ಒಗ್ಗದುದೆಂದು ಪ್ರಭಾಚಂದ್ರರ ಟೀಕೆ ಬಿಡಿಸಿ ಹೇಳುತ್ತದೆ. ಯೋಗ್ಯವೇ ಆದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದು ವ್ರತವೆಂಬುದು ಆಚಾರ್ಯರ ಅಭಿಪ್ರಾಯ. ಸಕ್ಕರೆ ಅಭಕ್ಷ್ಯವಲ್ಲ. ಭಕ್ಷ್ಯವಾದುದನ್ನೇ ತನಗೆ ಒಗ್ಗದೆಂದು ಅರಿತು ಬಿಡುವುದರಿಂದಲೇ ಅಲ್ಲಿ ವ್ರತಕ್ಕೆ ಅವಕಾಶ. ಸಿಹಿ ದೊರೆಯದಿದ್ದುದರಿಂದ ತಿನ್ನದವನೂ, ಮಗನ ಗದರಿಕೆಗೆ ಅಂಜಿ ತಿನ್ನದವನೂ ವ್ರತಿಗಳಲ್ಲ. ಅದೇ ಮಧುಮೇಹಿಯು ಅದೇ ಸಕ್ಕರೆಯನ್ನು ಸಂಕಲ್ಪ ಮಾಡಿ ಬಿಟ್ಟರೆ, ವೈದ್ಯರ ಚೀಟಿಯೇ ಅವನಿಗೆ ವ್ರತಕ್ಕೆ ನಿಮಿತ್ತವಾಗುತ್ತದೆ.

ಆ ಗ್ರಂಥವು ಹೇಳುವ ಇನ್ನೊಂದು ವಿಭಾಗ ಗೃಹಸ್ಥರಿಗೆ ಬಹಳ ಉಪಕಾರಿ. ಕಾಲದ ಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ನಿಯಮವನ್ನು ಒಂದು ಹಗಲಿಗೆ, ಒಂದು ರಾತ್ರಿಗೆ, ಪಕ್ಷಕ್ಕೆ, ತಿಂಗಳಿಗೆ, ಋತುವಿಗೆ, ಅಯನಕ್ಕೆ ಹಿಡಿಯಬಹುದೆಂದು ಅಲ್ಲಿ ಬಿಡಿಬಿಡಿಯಾಗಿ ಎಣಿಸಲಾಗಿದೆ. ಉತ್ಸಾಹದಲ್ಲಿ ಜನ್ಮಪರ್ಯಂತ ಬಿಟ್ಟೆನೆಂದು ಹೇಳಿ ಎಂಟನೆಯ ದಿನ ಮುರಿಯುವುದಕ್ಕಿಂತ, ಮಂಗಳವಾರದ ಒಂದು ಹಗಲನ್ನು ಹಿಡಿದು ಪಕ್ಷಕ್ಕೂ, ಅಲ್ಲಿಂದ ದಶಲಕ್ಷಣ ಪರ್ವದ ಹತ್ತು ದಿನಗಳಿಗೂ, ಮುಂದಿನ ವರ್ಷದ ಚಾತುರ್ಮಾಸಕ್ಕೂ ಏರುವುದು ಮೇಲು. ಯಮದ ಮಾದರಿಯನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ೧೯೪೬ರಲ್ಲಿ ಜನಿಸಿ, ೧೯೬೮ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದು, ೨೦೨೪ರ ಫೆಬ್ರವರಿ ೧೮ರಂದು ಡೋಂಗರಗಢದ ಚಂದ್ರಗಿರಿಯಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರರು ಉಪ್ಪು, ಸಕ್ಕರೆಗಳನ್ನು ಆಜೀವನ ತ್ಯಜಿಸಿದ್ದರು. ಕನ್ನಡ ಮಾತೃಭಾಷೆಯ ಆ ಆಚಾರ್ಯರು ಹಿಂದಿಯಲ್ಲಿ ಮೂಕಮಾಟಿಯೆಂಬ ಮಹಾಕಾವ್ಯವನ್ನು ರಚಿಸಿದುದು ಆ ಆಹಾರದ ಬಲದಿಂದಲೇ. ಮುನಿಗಳ ಚರ್ಯೆಯನ್ನು ಗೃಹಸ್ಥನು ಅನುಕರಿಸಲಾರ. ಆದರೆ ಸಿಹಿಯಿಲ್ಲದಿದ್ದರೆ ಮೆದುಳು ಕೆಲಸ ಮಾಡದೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ತಟ್ಟೆಯನ್ನು ತುಂಬುವುದು ಯಾವುದರಿಂದ?

ಬಿಡುವುದನ್ನು ಹೇಳಿದ ಮೇಲೆ ಹಿಡಿಯುವುದನ್ನೂ ಹೇಳಬೇಕು. ಸುಬ್ರಹ್ಮಣ್ಯದ ಕಡೆಯಿಂದ ಇಳಿದು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಅದೇ ನೇತ್ರಾವತಿಯ ತೀರದ ಧರ್ಮಸ್ಥಳದಲ್ಲಿ ಶಾಂತಿವನವೆಂಬ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಿದೆ. ಜೈನ ಮನೆತನದವರಾದ ಹೆಗ್ಗಡೆಯವರ ಆಡಳಿತದಲ್ಲಿ ನಡೆಯುವ ಈ ಸಂಸ್ಥೆಯೊಡನೆ, ಆ ವಿದ್ಯೆಯನ್ನು ಕಲಿಸುವ ಕಾಲೇಜು ಸಮೀಪದ ಉಜಿರೆಯಲ್ಲಿ ೧೯೮೯ರಲ್ಲಿ ಸ್ಥಾಪಿತವಾಯಿತು. ಔಷಧಕ್ಕಿಂತ ಮೊದಲು ಊಟವನ್ನು ತಿದ್ದುವುದು ಪ್ರಕೃತಿ ಚಿಕಿತ್ಸೆಯ ಕ್ರಮ. ಆದರೆ ಆ ಪದ್ಧತಿಯ ಪುಸ್ತಕಗಳಲ್ಲಿ ಕಾಣುವ ಮೊಳಕೆ ಕಾಳು, ಗಜ್ಜರಿ, ಬೀಟ್‌ರೂಟು, ಜೇನುಗಳನ್ನು ಆಚಾರವಂತ ಶ್ರಾವಕರು ಒಪ್ಪಲಾರರು. ಇದರಿಂದ ಜೈನರಿಗೆ ಪಥ್ಯವೇ ಸಾಧ್ಯವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ.

ತುಳುನಾಡಿನ ಸಾಮಾನ್ಯ ಊಟವೇ ಇದಕ್ಕೆ ಸಾಕು. ಕುಚ್ಚಲಕ್ಕಿಯು ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದುದಾದ್ದರಿಂದ ಹೊಟ್ಟಿನ ಜೀವಸತ್ವದ ಭಾಗ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ; ತೀರ ಬಿಳಿ ಮಾಡದ ಅಕ್ಕಿಯ ಗಂಜಿ ಬೆಳಗಿನ ಹೊತ್ತು ಚಹಾ ಬಿಸ್ಕತ್ತಿಗಿಂತ ಎಷ್ಟೋ ಮಿಗಿಲು. ಹೆಸರು, ಹುರುಳಿ, ಅಲಸಂಡೆಯ ಪದಾರ್ಥಗಳು ಹಸಿವನ್ನು ಬೇಗ ಮರಳಗೊಡುವುದಿಲ್ಲ. ಕಾಳಿನೊಡನೆ ಮಜ್ಜಿಗೆ ಬೆರೆತರೆ ದ್ವಿದಳ ದೋಷವಾಗುವುದರಿಂದ ಅವನ್ನು ಬೇರೆಬೇರೆ ಹೊತ್ತಿಗೆ ಇಡುವುದು ಗೃಹಿಣಿಯರಿಗೆ ಹೊಸತಲ್ಲ. ತೊಂಡೆ, ಹಾಗಲ, ಹೀರೆ, ಬಾಳೆದಿಂಡು, ಬಾಳೆಹೂವು ತೋಟದಲ್ಲಿಯೇ ಬೆಳೆಯುತ್ತವೆ. ಮಳೆಗಾಲದಲ್ಲಿ ಸೊಪ್ಪು ಬಿಟ್ಟವರಿಗೆ ಇವೇ ಆಧಾರ; ಹಸಿರನ್ನೇ ಬಿಟ್ಟವರಿಗೆ ಒಣಕಾಳು. ಪುನರ್ಪುಳಿಯ ಸಾರನ್ನು ಬೆಲ್ಲವಿಲ್ಲದೆ, ಒಣಮೆಣಸು ಉಪ್ಪುಗಳೊಡನೆ ಮಾಡಿದರೆ ಹುಳಿಯ ನಿಜವಾದ ರುಚಿ ಆಗಲೇ ತಿಳಿಯುವುದು. ಸಂಜೆಯ ಬಾಯಿಚಪಲಕ್ಕೆ ಒಂದು ಬಾಳೆಹಣ್ಣು ಸಾಲದೆ? ಮಧುಮೇಹವಿದ್ದವರು ಅದನ್ನೂ ಅಳೆದು ತಿನ್ನಬೇಕು; ಅನ್ನವನ್ನೂ ಅಷ್ಟೆ. ಸಿಹಿ ಬಿಟ್ಟೆನೆಂಬ ಧೈರ್ಯದಿಂದ ಎರಡು ಹಿಡಿ ಅನ್ನ ಹೆಚ್ಚು ಬಡಿಸಿಕೊಳ್ಳುವವರಿಗೆ ಅವಮೌದರ್ಯವನ್ನು ನೆನಪಿಸಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಪಾರಣೆಯ ದಿನ. ನಿರಾಹಾರವಿದ್ದ ಹೊಟ್ಟೆಗೆ ಮರುದಿನ ಬೆಳಗ್ಗೆ ಬೀಳುವುದು ಪಾಯಸ, ಹೋಳಿಗೆ, ಸಕ್ಕರೆ ಹಾಲು. ಏಕಭುಕ್ತದ ದಿನವೂ ಒಂದೇ ಊಟವೆಂದು ಸಿಹಿಯನ್ನೇ ಮುಖ್ಯ ಮಾಡಿಕೊಳ್ಳುವುದು ಕಾಣುತ್ತದೆ. ನೋಂಪಿಯ ಉದ್ಯಾಪನೆಯಲ್ಲಿ, ಬಸದಿಯ ಪೂಜೆಯ ಕೊನೆಗೆ ಹಂಚುವುದೂ ಲಾಡು, ಸಕ್ಕರೆ ಮಿಠಾಯಿ. ತಪಸ್ಸಿಗೆ ಸಿಹಿ ಬಹುಮಾನವೆಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುವುದು ಇಲ್ಲಿಯೇ. ಪಾರಣೆಗೆ ತೆಳ್ಳಗಿನ ಗಂಜಿ, ಹೆಸರುಬೇಳೆಯ ತಿಳಿ. ಹಂಚುವುದಕ್ಕೆ ತೆಂಗಿನಕಾಯಿ, ಬಾಳೆಹಣ್ಣು, ಒಣದ್ರಾಕ್ಷಿ, ಬಾದಾಮಿ ಅಥವಾ ಒಂದು ಸ್ವಾಧ್ಯಾಯದ ಪುಸ್ತಕ ಆದೀತು. ಮಕ್ಕಳಿಗೆ ಒತ್ತಾಯದ ನಿಯಮ ಬೇಡ. ಮನೆಯಲ್ಲಿ ಸಕ್ಕರೆಯ ಡಬ್ಬಿ ಚಿಕ್ಕದಾದರೆ ಅವರ ಪಾಲೂ ತಾನಾಗಿಯೇ ಚಿಕ್ಕದಾಗುತ್ತದೆ.

ಇನ್ನೊಂದು ಮಾತು ಅಡಿಗೆ ಮಾಡುವವರ ಪರವಾಗಿ. ಮನೆಯ ಯಜಮಾನನು ವ್ರತ ಹಿಡಿದು, ಮನೆಯಾಕೆ ಅವನಿಗೊಂದು ಹುಳಿ, ಉಳಿದವರಿಗೊಂದು ಹುಳಿ ಮಾಡುವಂತಾದರೆ ತಪಸ್ಸು ಒಬ್ಬರದು, ಕಾಯಕ್ಲೇಶ ಇನ್ನೊಬ್ಬರದು. ಹುಳಿ, ಪಲ್ಯಗಳಿಗೆ ಬೆಲ್ಲ ಹಾಕುವುದನ್ನು ಎಲ್ಲರಿಗೂ ಒಟ್ಟಿಗೇ ನಿಲ್ಲಿಸುವುದು, ಚಹಾ ಕಾಫಿಗೆ ಸಕ್ಕರೆಯನ್ನು ಬೇಕಾದವರು ತಾವೇ ಬೆರೆಸಿಕೊಳ್ಳುವಂತೆ ಪಕ್ಕದಲ್ಲಿಡುವುದು ಸುಲಭವಾದ ಉಪಾಯ. ನೆಂಟರ ಮನೆಯಲ್ಲಿ ಬೆಲ್ಲ-ನೀರು ಬಂದರೆ ನೀರನ್ನು ಕುಡಿದು, ನಿಯಮವಿದೆಯೆಂದು ಕೈಮುಗಿದರೆ ಯಾರೂ ನೊಂದುಕೊಳ್ಳರು; ನಿಯಮವೆಂಬ ಮಾತಿಗೆ ಆ ಸೀಮೆಯಲ್ಲಿ ಇಂದಿಗೂ ಬೆಲೆಯಿದೆ.

ಕೊನೆಯದಾಗಿ, ಇನ್ಸುಲಿನ್ನನ್ನಾಗಲಿ ರಕ್ತದ ಸಕ್ಕರೆಯನ್ನು ಇಳಿಸುವ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರ ವಿಷಯ. ಇವರು ಸಿಹಿಯನ್ನು ಒಮ್ಮೆಲೇ ನಿಲ್ಲಿಸುವ ಮುನ್ನ, ಅದಕ್ಕೂ ಮಿಗಿಲಾಗಿ ನಿರ್ಜಲ ಉಪವಾಸ ಹಿಡಿಯುವ ಮುನ್ನ, ಔಷಧದ ಪ್ರಮಾಣವನ್ನು ವೈದ್ಯರಿಂದ ತಿದ್ದಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಬೆವರು, ಕೈನಡುಕ, ಎದೆಬಡಿತ, ಮಾತು ತಡವರಿಸುವುದು ಇದರ ಲಕ್ಷಣಗಳು. ಇವು ಕಂಡೊಡನೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಹಗಲೇ ರಾತ್ರಿಯೇ, ನಿಯಮ ಮುರಿಯಿತೇ ಎಂದು ಆ ಗಳಿಗೆಯಲ್ಲಿ ಚರ್ಚಿಸುವಂತಿಲ್ಲ. ಆದುದರಿಂದ ಗುರುಗಳ ಅಥವಾ ತ್ಯಾಗಿಗಳ ಸಮ್ಮುಖದಲ್ಲಿ ನಿಯಮ ಹಿಡಿಯುವಾಗಲೇ ಔಷಧರೂಪವಾಗಿ ತೆಗೆದುಕೊಳ್ಳುವ ಸಕ್ಕರೆಯನ್ನು ಹೊರತುಪಡಿಸಿ ಎಂದು ಬಾಯಿಬಿಟ್ಟು ಹೇಳಿರಬೇಕು. ಮನೆಯವರಿಗೂ ಅದು ತಿಳಿದಿರಬೇಕು. ಒಂದು ಚಿಕ್ಕ ಪೊಟ್ಟಣ ಸಕ್ಕರೆ ಆ ವ್ರತಿಯ ಜೇಬಿನಲ್ಲಿಯೇ ಇರಬೇಕು.